ಪುಟ್ಟ ದೇಶದ ಆಕಾಶ ಕಾವಲು: ಸ್ವಿಸ್ ವಾಯುಪಡೆಯ ಕಥೆ

2014ರ ಫೆಬ್ರವರಿ 17ರ ನಸುಕು. ಆಡಿಸ್ ಅಬಾಬಾದಿಂದ ರೋಮ್‌ಗೆ ಹೊರಟಿದ್ದ ಇಥಿಯೋಪಿಯನ್ ಏರ್‌ಲೈನ್ಸ್‌ನ ಬೋಯಿಂಗ್ 767 ವಿಮಾನದಲ್ಲಿ 202 ಮಂದಿ ಇದ್ದರು. ಕ್ಯಾಪ್ಟನ್ ಕಾಕ್‌ಪಿಟ್‌ನಿಂದ ಹೊರಬಂದ ವೇಳೆ ಸಹಪೈಲಟ್ ಒಳಗಿನಿಂದ ಬಾಗಿಲು ಹಾಕಿಕೊಂಡು, ವಿಮಾನವನ್ನು ಸ್ವಿಟ್ಜರ್ಲೆಂಡಿನ ಜಿನೀವಾ ನಗರದತ್ತ ತಿರುಗಿಸಿದ. ಮೊದಲು ಇಟಲಿಯ, ಬಳಿಕ ಫ್ರಾನ್ಸಿನ ಯುದ್ಧವಿಮಾನಗಳು ಅದಕ್ಕೆ ಬೆಂಗಾವಲಾಗಿ ಹಾರಿದವು. ಬೆಳಿಗ್ಗೆ ಆರರ ಸುಮಾರಿಗೆ ವಿಮಾನ ಜಿನೀವಾದಲ್ಲಿ ಇಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ.

ಆದರೆ ಈ ಇಡೀ ಪ್ರಕರಣದಲ್ಲಿ ಸ್ವಿಟ್ಜರ್ಲೆಂಡಿನ ಒಂದು ಯುದ್ಧವಿಮಾನವೂ ಮೇಲೇರಲಿಲ್ಲ. ಕಾರಣ ಕೇಳಿದರೆ ನಿಮಗೆ ನಗು ಬಂದೀತು. ಆಗ ಸ್ವಿಸ್ ವಾಯುಪಡೆಯ ಆಕಾಶ ಕಾವಲು ನಡೆಯುತ್ತಿದ್ದುದು ಕಚೇರಿ ವೇಳೆಯಲ್ಲಿ ಮಾತ್ರ! ಬೆಳಿಗ್ಗೆ 8ರಿಂದ 12ರವರೆಗೆ, ಊಟದ ಬಿಡುವಿನ ನಂತರ 1.30ರಿಂದ 5ರವರೆಗೆ. ಶನಿವಾರ, ಭಾನುವಾರ ರಜೆ.

ಜಗತ್ತಿನ ಪತ್ರಿಕೆಗಳು ಈ ಸುದ್ದಿಯನ್ನು ತಮಾಷೆಯಾಗಿ ಬರೆದವು. ಆದರೆ ಅದರ ಹಿಂದೆ ಗಂಭೀರವಾದ ಪ್ರಶ್ನೆಯೊಂದಿದೆ. ಪುಟ್ಟ ದೇಶವೊಂದು ತನ್ನ ಆಕಾಶವನ್ನು ಹೇಗೆ ಕಾಯಬೇಕು? ಅದಕ್ಕೆ ಎಷ್ಟು ವಿಮಾನಗಳು ಬೇಕು, ಎಂಥ ವಿಮಾನಗಳು ಬೇಕು? ಇದಕ್ಕೆ ಉತ್ತರವನ್ನು ರಾಜಕೀಯಕ್ಕಿಂತ ಮೊದಲು ಭೂಗೋಳ ಮತ್ತು ಭೌತವಿಜ್ಞಾನ ಕೊಡುತ್ತವೆ. ಸ್ವಿಸ್ ವಾಯುಪಡೆಯ ನೂರು ವರ್ಷ ಮೀರಿದ ಇತಿಹಾಸ ಇದಕ್ಕೊಂದು ಒಳ್ಳೆಯ ಪಾಠ. ಬನ್ನಿ, ಕಾಗದ ಪೆನ್ಸಿಲ್ ಹಿಡಿದೇ ಅದನ್ನು ಓದೋಣ.

ನಿಮಿಷಕ್ಕೆ ಹದಿನೈದು ಕಿಲೋಮೀಟರ್

ಸ್ವಿಟ್ಜರ್ಲೆಂಡಿನ ವಿಸ್ತೀರ್ಣ 41,285 ಚದರ ಕಿಮೀ. ನಮ್ಮ ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಮೀ. ಎಂದರೆ ಆ ದೇಶ ಕರ್ನಾಟಕದ ಕಾಲು ಭಾಗಕ್ಕಿಂತಲೂ ಚಿಕ್ಕದು. ಪೂರ್ವ ಪಶ್ಚಿಮವಾಗಿ ಸುಮಾರು 350 ಕಿಮೀ, ಉತ್ತರ ದಕ್ಷಿಣವಾಗಿ ಸುಮಾರು 220 ಕಿಮೀ. ಜನಸಂಖ್ಯೆ ಸುಮಾರು 90 ಲಕ್ಷ. ಸಮುದ್ರತೀರವಿಲ್ಲ. ದಕ್ಷಿಣ ಭಾಗವನ್ನೆಲ್ಲ ಆಲ್ಪ್ಸ್ ಪರ್ವತಗಳು ಆಕ್ರಮಿಸಿವೆ.

ಪ್ರಯಾಣಿಕರ ಜೆಟ್ ವಿಮಾನದ ವೇಗ ಗಂಟೆಗೆ ಸುಮಾರು 900 ಕಿಮೀ, ಅಂದರೆ ನಿಮಿಷಕ್ಕೆ 15 ಕಿಮೀ. ಆ ವೇಗದಲ್ಲಿ ಇಡೀ ದೇಶವನ್ನು ಉತ್ತರದಿಂದ ದಕ್ಷಿಣಕ್ಕೆ ದಾಟಲು 15 ನಿಮಿಷ ಸಾಕು. ಪೂರ್ವದಿಂದ ಪಶ್ಚಿಮಕ್ಕೆ ಹೆಚ್ಚೆಂದರೆ 24 ನಿಮಿಷ. ಒಂದು ತರಗತಿಯ ಅವಧಿ ಮುಗಿಯುವುದರೊಳಗೆ ವಿಮಾನ ಒಳಬಂದು ಹೊರಟೂ ಹೋಗಿರುತ್ತದೆ.

ದೊಡ್ಡ ದೇಶಕ್ಕೆ ದೂರವೇ ರಕ್ಷಣೆ. ಗಡಿ ದಾಟಿದ ವಿಮಾನ ಮುಖ್ಯ ನಗರವನ್ನು ತಲುಪುವುದರೊಳಗೆ ಯೋಚಿಸಲು, ತಯಾರಾಗಲು ಸಮಯವಿರುತ್ತದೆ. ಪುಟ್ಟ ದೇಶಕ್ಕೆ ಆ ಸೌಲಭ್ಯವಿಲ್ಲ. ಸಣ್ಣ ವಾಯುಪಡೆಯ ಕಥೆಯಲ್ಲಿ ನಾವು ಮೊದಲು ಎಣಿಸಬೇಕಾದುದು ವಿಮಾನಗಳನ್ನಲ್ಲ, ನಿಮಿಷಗಳನ್ನು.

ಸ್ವಂತ ವಿಮಾನ ತಂದ ಪೈಲಟ್‌ಗಳು

1913ರ ಜುಲೈ 13ರಂದು ಆಸ್ಕರ್ ಬೀಡರ್ ಎಂಬ ಸ್ವಿಸ್ ಯುವಕ ಬರ್ನ್ ನಗರದಿಂದ ಹೊರಟು, ಆಲ್ಪ್ಸ್ ಪರ್ವತವನ್ನು ದಾಟಿ ಇಟಲಿಯ ಮಿಲಾನ್ ತಲುಪಿದ. ಅವನ ಬ್ಲೆರಿಯೊ ವಿಮಾನದ ಎಂಜಿನ್ನಿನ ಸಾಮರ್ಥ್ಯ ಕೇವಲ 70 ಅಶ್ವಶಕ್ತಿ. ಇಂದಿನ ಒಂದು ಸಾಧಾರಣ ಕಾರಿನಷ್ಟು! ಎತ್ತರಕ್ಕೆ ಏರಿದಂತೆಲ್ಲ ಗಾಳಿ ತೆಳುವಾಗುತ್ತದೆ. ರೆಕ್ಕೆಗೆ ಸಿಗುವ ಎತ್ತುವ ಬಲವೂ ಎಂಜಿನ್ನಿಗೆ ಸಿಗುವ ಆಮ್ಲಜನಕವೂ ಕಡಿಮೆಯಾಗುತ್ತವೆ. ಹಾಗಾಗಿ ಬೀಡರ್ ತೂಕ ಉಳಿಸಲು ಇಂಧನವನ್ನು ಕಡಿಮೆ ತುಂಬಿಕೊಂಡ. ಪರ್ವತದ ಆಚೆ ಡೊಮೊಡೊಸೊಲದಲ್ಲಿ ಇಳಿದು, ಮತ್ತೆ ಇಂಧನ ತುಂಬಿಸಿಕೊಂಡು ಮುಂದೆ ಹೋದ.

ಮರುವರ್ಷ ಮೊದಲನೆಯ ಮಹಾಯುದ್ಧ ಆರಂಭವಾಯಿತು. 1914ರ ಜುಲೈ 31ರಂದು ಸ್ವಿಸ್ ಸರ್ಕಾರ ಸೈನ್ಯದಲ್ಲೊಂದು ವಿಮಾನ ವಿಭಾಗವನ್ನು ತೆರೆಯಿತು. ಅದರ ಹೊಣೆ ವಹಿಸಿಕೊಂಡವರು ಕುದುರೆಪಡೆಯ ಕ್ಯಾಪ್ಟನ್ ಥಿಯೊಡೋರ್ ರಿಯಾಲ್. ಸರ್ಕಾರದ ಬಳಿ ವಿಮಾನಗಳಿರಲಿಲ್ಲ. ಬೀಡರ್ ಮೊದಲಾದ ಬೆರಳೆಣಿಕೆಯ ಪೈಲಟ್‌ಗಳು ತಂತಮ್ಮ ವಿಮಾನಗಳೊಂದಿಗೆ ಬಂದು ಸೇರಿದರು. ಅದೇ ವರ್ಷ ಜೂರಿಕ್ ಬಳಿಯ ಡ್ಯೂಬೆನ್‌ಡಾರ್ಫ್ ಅವರ ನೆಲೆಯಾಯಿತು. ಬೀಡರ್ 1919ರಲ್ಲಿ ಅದೇ ಊರಿನಲ್ಲಿ ವಿಮಾನ ಅಪಘಾತದಲ್ಲಿ ಮೃತನಾದ.

ತಟಸ್ಥ ದೇಶದ ಅಗ್ನಿಪರೀಕ್ಷೆ

ಸ್ವಿಟ್ಜರ್ಲೆಂಡ್ ತಟಸ್ಥ ದೇಶ. ಆದರೆ ತಟಸ್ಥ ಎಂದರೆ ಸುಮ್ಮನಿರುವುದು ಎಂದಲ್ಲ. ಯುದ್ಧ ಮಾಡುವ ಎರಡು ಪಕ್ಷಗಳಲ್ಲಿ ಯಾರೂ ತನ್ನ ನೆಲವನ್ನಾಗಲಿ ಆಕಾಶವನ್ನಾಗಲಿ ಬಳಸದಂತೆ ತಡೆಯುವುದು ತಟಸ್ಥ ದೇಶದ ಕರ್ತವ್ಯ. ತಡೆಯಲಾಗದಿದ್ದರೆ ಅದರ ತಾಟಸ್ಥ್ಯವನ್ನು ಯಾರೂ ನಂಬುವುದಿಲ್ಲ.

ಎರಡನೆಯ ಮಹಾಯುದ್ಧಕ್ಕೆ ಮುನ್ನ ಆ ದೇಶ ಜರ್ಮನಿಯಿಂದ ಮೆಸ್ಸರ್‌ಸ್ಮಿಟ್ 109 ಯುದ್ಧವಿಮಾನಗಳನ್ನು ಕೊಂಡಿತು. ಫ್ರಾನ್ಸಿನ ಮೊರಾನ್ ವಿಮಾನವನ್ನು ಪರವಾನಗಿ ಪಡೆದು ತಾನೇ ತಯಾರಿಸಿತು. 1940ರ ಮೇ, ಜೂನ್ ತಿಂಗಳುಗಳಲ್ಲಿ ಜರ್ಮನಿ ಫ್ರಾನ್ಸಿನ ಮೇಲೆ ದಾಳಿ ಮಾಡಿದಾಗ ಜರ್ಮನ್ ವಿಮಾನಗಳು ಪದೇಪದೇ ಸ್ವಿಸ್ ಗಡಿಯನ್ನು ದಾಟಿದವು. ಸ್ವಿಸ್ ಪೈಲಟ್‌ಗಳು ಎದುರಿಸಿದರು. ಜರ್ಮನಿಯಿಂದ ಕೊಂಡ ವಿಮಾನಗಳಿಂದಲೇ ಜರ್ಮನಿಯ ವಿಮಾನಗಳನ್ನು ಹೊಡೆದರು! ಆ ಕೆಲವು ವಾರಗಳಲ್ಲಿ ಜರ್ಮನಿ 11 ವಿಮಾನಗಳನ್ನು ಕಳೆದುಕೊಂಡಿತು. ಸ್ವಿಸ್ ಕಡೆಯಲ್ಲಿ ಮೂರು ನಷ್ಟವಾದವು.

ಜರ್ಮನಿ ಕೆರಳಿತು. ಸ್ವಿಸ್ ವಿಮಾನ ನೆಲೆಗಳನ್ನು ಸ್ಫೋಟಿಸಲು ಗುಪ್ತವಾಗಿ ಒಂದು ತಂಡವನ್ನೇ ಕಳುಹಿಸಿತು. ತಂಡ ಸಿಕ್ಕಿಬಿತ್ತು. ಫ್ರಾನ್ಸ್ ಸೋತ ಮೇಲೆ ಸುತ್ತಲೂ ಶತ್ರುಬಲವೇ ತುಂಬಿತ್ತು. ಸೇನಾಧಿಪತಿ ಹೆನ್ರಿ ಗೀಸಾನ್ 1940ರ ಜೂನ್ 20ರಂದು ವಾಯುಕಾಳಗವನ್ನು ನಿಷೇಧಿಸಬೇಕಾಯಿತು. ಪೈಲಟ್‌ಗಳ ಧೈರ್ಯಕ್ಕೆ ಕೊರತೆಯಿರಲಿಲ್ಲ. ಆದರೆ ಅವರು ಗೆದ್ದಷ್ಟೂ ದೇಶದ ಅಪಾಯ ಹೆಚ್ಚುತ್ತಿತ್ತು. ಸಣ್ಣ ವಾಯುಪಡೆಗಳು ಎದುರಿಸಬೇಕಾದ ಕಹಿಸತ್ಯ ಇದು.

ಜಿಂಕೆಕೊಂಬಿನ ವಿಮಾನ

1944ರ ಏಪ್ರಿಲ್ 28ರ ರಾತ್ರಿ ಜರ್ಮನಿಯ ಮೆಸ್ಸರ್‌ಸ್ಮಿಟ್ 110 ಮಾದರಿಯ ರಾತ್ರಿ ಕಾಳಗದ ವಿಮಾನವೊಂದು ಡ್ಯೂಬೆನ್‌ಡಾರ್ಫ್‌ನಲ್ಲಿ ಇಳಿಯಿತು. ಅದರ ಮೂತಿಯಲ್ಲಿ ಜಿಂಕೆಯ ಕೊಂಬುಗಳಂತೆ ಲೋಹದ ಕಡ್ಡಿಗಳು ಚಾಚಿಕೊಂಡಿದ್ದವು. ಅವು ಜರ್ಮನಿ ಗುಟ್ಟಾಗಿ ಇಟ್ಟಿದ್ದ ಹೊಸ ರೇಡಾರಿನ ಆಂಟೆನಾಗಳು.

ಆಂಟೆನಾಗಳು ಅಷ್ಟು ದೊಡ್ಡದಾಗಿದ್ದುದೇಕೆ? ಆ ರೇಡಾರಿನ ಆವೃತ್ತಿ ಸುಮಾರು 90 ಮೆಗಾಹರ್ಟ್ಸ್. ಬೆಳಕಿನ ವೇಗವಾದ ಸೆಕೆಂಡಿಗೆ 30 ಕೋಟಿ ಮೀಟರನ್ನು 9 ಕೋಟಿಯಿಂದ ಭಾಗಿಸಿ. ತರಂಗದೂರ 3.3 ಮೀಟರ್ ಬರುತ್ತದೆ. ಇಂಥ ಆಂಟೆನಾದ ಉದ್ದ ತರಂಗದೂರದ ಅರ್ಧದಷ್ಟಿರಬೇಕು, ಅಂದರೆ ಸುಮಾರು 1.7 ಮೀಟರ್. ಅಷ್ಟುದ್ದದ ಕಡ್ಡಿಗಳು ಗಾಳಿಯನ್ನು ಸೀಳುವಾಗ ವಿಮಾನದ ವೇಗವೂ ಕುಗ್ಗುತ್ತಿತ್ತು.

ಈ ಯಂತ್ರ ಬ್ರಿಟನ್ ಅಥವಾ ಅಮೆರಿಕದ ಕೈಗೆ ಸಿಕ್ಕೀತೆಂದು ಜರ್ಮನಿ ನಡುಗಿತು. ಕೊನೆಗೊಂದು ವ್ಯಾಪಾರ ಕುದುರಿತು. ಜರ್ಮನ್ ಅಧಿಕಾರಿಗಳ ಎದುರಿನಲ್ಲೇ ಸ್ವಿಸ್ ಸೇನೆ ಆ ವಿಮಾನವನ್ನು ನಾಶಮಾಡಿತು. ಬದಲಿಗೆ ಸ್ವಿಟ್ಜರ್ಲೆಂಡಿಗೆ 12 ಹೊಸ ಮೆಸ್ಸರ್‌ಸ್ಮಿಟ್ 109 ವಿಮಾನಗಳನ್ನು ಕೊಳ್ಳುವ ಅವಕಾಶ ದೊರೆಯಿತು. ಆದರೆ ಯುದ್ಧದ ಕೊನೆಗಾಲದಲ್ಲಿ ತರಾತುರಿಯಿಂದ ತಯಾರಾಗಿದ್ದ ಅವುಗಳ ಗುಣಮಟ್ಟ ತೀರ ಕಳಪೆಯಾಗಿತ್ತು.

ಹಿಮನದಿಯ ಮೇಲೆ ಇಳಿದ ಕೊಕ್ಕರೆ

1946ರ ನವೆಂಬರ್ 19ರಂದು ಅಮೆರಿಕದ ಒಂದು ಡಕೋಟ ವಿಮಾನ ದಾರಿತಪ್ಪಿ ಆಲ್ಪ್ಸ್‌ನ ಗೌಲಿ ಹಿಮನದಿಯ ಮೇಲೆ ಬಿತ್ತು. ಎತ್ತರ ಸುಮಾರು 3,350 ಮೀಟರ್. ಒಳಗಿದ್ದ ಹನ್ನೆರಡೂ ಮಂದಿ ಬದುಕಿದ್ದರು. ಆದರೆ ಹಿಮದಲ್ಲಿ ಎಷ್ಟು ದಿನ ಬದುಕಬಲ್ಲರು? ನವೆಂಬರ್ 24ರಂದು ಸ್ವಿಸ್ ವಾಯುಪಡೆಯ ವಿಕ್ಟರ್ ಹುಗ್ ಮತ್ತು ಪಿಸ್ತ ಹಿಟ್ಸ್ ಎಂಬ ಪೈಲಟ್‌ಗಳು ಫೀಸೆಲರ್ ಷ್ಟೋರ್ಕ್ ಎಂಬ ಪುಟ್ಟ ವಿಮಾನಗಳಿಗೆ ಹಿಮಜಾರುಹಲಗೆ ಕಟ್ಟಿಕೊಂಡು ಹೋಗಿ, ಹಿಮನದಿಯ ಮೇಲೆಯೇ ಇಳಿದರು. ಹಲವು ಸುತ್ತು ಹಾರಿ ಎಲ್ಲರನ್ನೂ ಕೆಳಕ್ಕೆ ತಂದರು. ಷ್ಟೋರ್ಕ್ ಎಂದರೆ ಜರ್ಮನ್ ಭಾಷೆಯಲ್ಲಿ ಕೊಕ್ಕರೆ ಜಾತಿಯ ಒಂದು ಹಕ್ಕಿ. ಪರ್ವತಗಳಲ್ಲಿ ವಿಮಾನದಿಂದ ಜನರನ್ನು ರಕ್ಷಿಸುವ ಕಾರ್ಯಕ್ಕೆ ಈ ಘಟನೆ ನಾಂದಿಯಾಯಿತೆಂದು ಹೇಳುತ್ತಾರೆ.

ಇದರಲ್ಲಿದ್ದ ಸವಾಲನ್ನು ಲೆಕ್ಕ ಹಾಕೋಣ. ರೆಕ್ಕೆಯ ಎತ್ತುವ ಬಲ ಗಾಳಿಯ ಸಾಂದ್ರತೆಗೂ ವೇಗದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಒಂದು ಕನಿಷ್ಠ ವೇಗಕ್ಕಿಂತ ಕೆಳಗಿಳಿದರೆ ವಿಮಾನ ಗಾಳಿಯಲ್ಲಿ ನಿಲ್ಲಲಾರದೆ ಕುಸಿಯುತ್ತದೆ. ಷ್ಟೋರ್ಕ್‌ನಲ್ಲಿ ಇದು ಗಂಟೆಗೆ ಸುಮಾರು 50 ಕಿಮೀ ಮಾತ್ರ. ಅದಕ್ಕೇ ಅದನ್ನು ಆರಿಸಿದ್ದು. ಪ್ರಮಾಣಿತ ವಾತಾವರಣದಲ್ಲಿ 3,350 ಮೀಟರ್ ಎತ್ತರದ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸಾಂದ್ರತೆಯ 0.72 ಭಾಗ. ಸಾಂದ್ರತೆ ಇಷ್ಟು ಕಡಿಮೆಯಾದರೆ ಅದೇ ತೂಕವನ್ನು ಹೊರಲು ವೇಗ 1.18 ಪಟ್ಟು ಹೆಚ್ಚಬೇಕು. 50 ಇದ್ದದ್ದು 59 ಆಗುತ್ತದೆ. ಇಳಿಯುವಾಗ ನಿಲ್ಲಲು ಬೇಕಾದ ದೂರ ವೇಗದ ವರ್ಗವನ್ನು ಅವಲಂಬಿಸುವುದರಿಂದ ಅದು ಸುಮಾರು 1.4 ಪಟ್ಟಾಗುತ್ತದೆ. ಹಾಗಾಗಿ ಪರ್ವತದ ಪೈಲಟ್‌ಗಳು ಇಳಿಜಾರಿನಲ್ಲಿ ಮೇಲ್ಮುಖವಾಗಿ ಇಳಿಯುತ್ತಾರೆ, ಕೆಳಮುಖವಾಗಿ ಹಾರಿಹೋಗುತ್ತಾರೆ. ಗುರುತ್ವವೇ ಒಮ್ಮೆ ಬ್ರೇಕಾಗಿ, ಮತ್ತೊಮ್ಮೆ ಎಂಜಿನ್ನಾಗಿ ನೆರವಾಗುತ್ತದೆ.

ಕಣಿವೆಯ ಜ್ಯಾಮಿತಿ

ಯುದ್ಧಾನಂತರ ಸ್ವಿಸ್ ವಾಯುಪಡೆ ಬ್ರಿಟನ್ನಿನ ವ್ಯಾಂಪೈರ್ ವಿಮಾನಗಳೊಂದಿಗೆ ಜೆಟ್ ಯುಗಕ್ಕೆ ಕಾಲಿಟ್ಟಿತು. ನಮ್ಮ ವಾಯುಪಡೆಯ ಮೊದಲ ಜೆಟ್ ಸಹ ವ್ಯಾಂಪೈರ್. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಪರವಾನಗಿಯ ಮೇಲೆ ಅವು ತಯಾರಾದವು. ಸ್ವಿಟ್ಜರ್ಲೆಂಡಿನಲ್ಲಿಯೂ ಹಾಗೆಯೇ. ಎರಡು ದೇಶಗಳೂ ಆಮೇಲೆ ಹಾಕರ್ ಹಂಟರ್ ವಿಮಾನವನ್ನು ಕೊಂಡವು.

ಜೆಟ್ ವಿಮಾನಗಳ ವೇಗ ಹೆಚ್ಚಿತು, ಆದರೆ ಕಣಿವೆಗಳು ಅಗಲವಾಗಲಿಲ್ಲ. ಇಲ್ಲಿಯೇ ತೊಂದರೆ. ವಿಮಾನ ತಿರುಗಬೇಕಾದರೆ ಓರೆಯಾಗಬೇಕು. ಓರೆಯಾದಾಗ ಎತ್ತುವ ಬಲದ ಅಡ್ಡ ಅಂಶವೇ ಕೇಂದ್ರಾಭಿಮುಖ ಬಲವಾಗುತ್ತದೆ. ಅದರಿಂದ ದೊರೆಯುವ ಸೂತ್ರ ಇದು:

ತಿರುವಿನ ತ್ರಿಜ್ಯ = ವೇಗದ ವರ್ಗ ÷ (ಗುರುತ್ವ ವೇಗೋತ್ಕರ್ಷ × ಓರೆಕೋನದ ಟ್ಯಾಂಜೆಂಟ್)

ವಿಮಾನ 60 ಡಿಗ್ರಿ ಓರೆಯಾಗಿದೆ ಎನ್ನಿ. ಆಗ ಪೈಲಟ್‌ಗೆ ತನ್ನ ತೂಕ ಎರಡು ಪಟ್ಟಾದಂತೆ ಅನಿಸುತ್ತದೆ. ವೇಗ ಸೆಕೆಂಡಿಗೆ 100 ಮೀಟರ್ ಇದ್ದರೆ ತ್ರಿಜ್ಯ ಸುಮಾರು 590 ಮೀಟರ್. ಅಂದರೆ ಹಿಂದಿರುಗಲು 1.2 ಕಿಮೀ ಅಗಲದ ಕಣಿವೆ ಬೇಕು. ವೇಗ ಸೆಕೆಂಡಿಗೆ 250 ಮೀಟರ್ ಆದರೆ ತ್ರಿಜ್ಯ ಸುಮಾರು 3.7 ಕಿಮೀ; ಹಿಂದಿರುಗಲು 7.4 ಕಿಮೀ ಅಗಲ ಬೇಕು! ವೇಗ ಎರಡೂವರೆ ಪಟ್ಟಾದರೆ ಬೇಕಾದ ಜಾಗ ಆರೂಕಾಲು ಪಟ್ಟು. ಆಲ್ಪ್ಸ್‌ನ ಕಣಿವೆಗಳು ಅನೇಕ ಕಡೆ ಇದಕ್ಕಿಂತ ಬಹಳ ಕಿರಿದು.

ಇದು ಕೇವಲ ಪುಸ್ತಕದ ಲೆಕ್ಕವಲ್ಲ. 2016ರ ಆಗಸ್ಟ್ 29ರಂದು ಮೈರಿಂಗೆನ್ ನೆಲೆಯಿಂದ ಮೋಡದೊಳಕ್ಕೆ ಏರಿದ ಎಫ್/ಎ-18 ಯುದ್ಧವಿಮಾನಕ್ಕೆ ನೆಲದಿಂದ ತಿಳಿಸಿದ ಹಾರಾಟದ ಎತ್ತರ ಅಲ್ಲಿನ ಸುರಕ್ಷಿತ ಎತ್ತರಕ್ಕಿಂತ ಕಡಿಮೆಯಿತ್ತು. ಸ್ವಲ್ಪ ಹೊತ್ತಿನಲ್ಲೇ ವಿಮಾನ ಸುಸ್ಟೆನ್ ಕಣಿವೆದಾರಿಯ ಬಳಿಯ ಬೆಟ್ಟಕ್ಕೆ ಬಡಿದು ಪೈಲಟ್ ಮೃತರಾದರು. ಬಯಲುನಾಡಿನಲ್ಲಿ ತಿದ್ದಿಕೊಳ್ಳಬಹುದಾದ ಒಂದು ಸಂಖ್ಯೆಯ ತಪ್ಪಿಗೆ ಪರ್ವತನಾಡಿನಲ್ಲಿ ಸಮಯವೇ ಸಿಗುವುದಿಲ್ಲ.

ಸ್ವಂತ ಜೆಟ್, ಮತ್ತೆ ಮಿರಾಜ್ ಪ್ರಕರಣ

ನಮ್ಮ ಕಣಿವೆಗಳಿಗೆ ಹೊಂದುವ ವಿಮಾನವನ್ನು ನಾವೇ ಏಕೆ ಮಾಡಬಾರದು ಎಂದು ಸ್ವಿಸ್ ಎಂಜಿನಿಯರುಗಳು ಯೋಚಿಸಿದರು. ಚಿಕ್ಕ ರನ್‌ವೇಗಳಲ್ಲಿ ಏರಿ ಇಳಿಯಬಲ್ಲ ಪಿ-16 ಜೆಟ್ 1955ರ ಏಪ್ರಿಲ್‌ನಲ್ಲಿ ಮೊದಲ ಬಾರಿ ಹಾರಿತು. ಅದೇ ವರ್ಷ ಮೊದಲ ಮಾದರಿ ಕಾನ್‌ಸ್ಟನ್ಸ್ ಸರೋವರಕ್ಕೆ ಬಿತ್ತು. 1958ರಲ್ಲಿ ಸಂಸತ್ತು 100 ವಿಮಾನಗಳಿಗೆ ಒಪ್ಪಿಗೆ ಕೊಟ್ಟ ಕೆಲವೇ ದಿನಗಳಲ್ಲಿ ಮತ್ತೊಂದು ಬಿತ್ತು. ಎರಡೂ ಸಲ ಪೈಲಟ್‌ಗಳು ಪಾರಾದರು, ಯೋಜನೆ ಪಾರಾಗಲಿಲ್ಲ. ಸರ್ಕಾರ ಅದನ್ನು ಕೈಬಿಟ್ಟು 100 ಹಂಟರ್‌ಗಳನ್ನು ಕೊಂಡಿತು. ಹಂಟರ್‌ಗಳು 1994ರವರೆಗೂ ಸೇವೆ ಸಲ್ಲಿಸಿದವು.

ಮುಂದಿನ ಪಾಠ ಇನ್ನೂ ದುಬಾರಿಯಾಯಿತು. 1961ರಲ್ಲಿ ಸಂಸತ್ತು 100 ಫ್ರೆಂಚ್ ಮಿರಾಜ್ ವಿಮಾನಗಳಿಗೆ 87.1 ಕೋಟಿ ಫ್ರಾಂಕ್ ಮಂಜೂರು ಮಾಡಿತು. ಸ್ವಿಸ್ ಸೇನೆ ಅವುಗಳನ್ನು ಇದ್ದಂತೆಯೇ ಕೊಳ್ಳಲಿಲ್ಲ. ಅಮೆರಿಕದ ರೇಡಾರ್ ಮತ್ತು ಕ್ಷಿಪಣಿ ಬೇಕು. ಬೆಟ್ಟ ಕೊರೆದು ಮಾಡಿದ ಗುಹೆಗಳಲ್ಲಿ ಕ್ರೇನಿನಿಂದ ಎತ್ತಿ ಇಡುವಂತಿರಬೇಕು. ಚಿಕ್ಕ ರನ್‌ವೇಯಿಂದ ಏರಲು ರಾಕೆಟ್ಟಿನ ನೆರವಿರಬೇಕು. ಹೀಗೆ ಬದಲಾವಣೆಗಳ ಪಟ್ಟಿ ಬೆಳೆಯಿತು.

ಪ್ರತಿ ಬೇಡಿಕೆಗೂ ಕಾರಣವಿತ್ತು ಎಂಬುದನ್ನು ಗಮನಿಸಿ. ಬಯಲಿನಲ್ಲಿ ನಿಂತ ವಿಮಾನಗಳನ್ನು ಒಂದೇ ದಾಳಿಯಲ್ಲಿ ನಾಶಮಾಡಬಹುದು. ದೇಶ ಚಿಕ್ಕದಾದ್ದರಿಂದ ಅವುಗಳನ್ನು ದೂರಕ್ಕೆ ಒಯ್ದು ಬಚ್ಚಿಡಲು ಜಾಗವಿಲ್ಲ. ಹಾಗಾಗಿ ಗುಹೆ ಬೇಕು. ರಾಕೆಟ್ ಏಕೆ? ಮೇಲೇರಲು ಸೆಕೆಂಡಿಗೆ 80 ಮೀಟರ್ ವೇಗ ಬೇಕೆನ್ನಿ. ವೇಗೋತ್ಕರ್ಷ ಸೆಕೆಂಡ್ ವರ್ಗಕ್ಕೆ 4 ಮೀಟರ್ ಇದ್ದರೆ ಬೇಕಾಗುವ ರನ್‌ವೇ 80ರ ವರ್ಗ ಭಾಗಿಸು 8, ಅಂದರೆ 800 ಮೀಟರ್. ಬಾಂಬು ಬಿದ್ದು 400 ಮೀಟರ್ ಮಾತ್ರ ಉಳಿದಿದ್ದರೆ ವೇಗೋತ್ಕರ್ಷ ಎರಡು ಪಟ್ಟಾಗಬೇಕು. ಆ ಹೆಚ್ಚಿನ ತಳ್ಳುಬಲವನ್ನು ರಾಕೆಟ್ ಕೊಡುತ್ತದೆ.

ಕಾರಣಗಳೇನೋ ಸರಿ, ಆದರೆ ಖರ್ಚು? 1964ರಲ್ಲಿ ಸರ್ಕಾರ ಹೆಚ್ಚುವರಿಯಾಗಿ 57.6 ಕೋಟಿ ಫ್ರಾಂಕ್ ಕೇಳಿತು. ದೇಶದಲ್ಲಿ ಕೋಲಾಹಲವಾಯಿತು. ಸಂಸತ್ತು ಕುರ್ಟ್ ಫುರ್ಗ್ಲರ್ ನೇತೃತ್ವದಲ್ಲಿ ತನಿಖಾ ಸಮಿತಿ ರಚಿಸಿತು. ವಿಮಾನಗಳ ಸಂಖ್ಯೆ 100ರಿಂದ 57ಕ್ಕೆ ಇಳಿಯಿತು. ವಾಯುಪಡೆಯ ಮುಖ್ಯಸ್ಥರು ಮತ್ತು ಸೇನೆಯ ಮಹಾದಂಡನಾಯಕರು ಹುದ್ದೆ ಕಳೆದುಕೊಂಡರು. ಪ್ರತಿಯೊಂದು ಸುಧಾರಣೆಯೂ ತನ್ನಷ್ಟಕ್ಕೆ ಸರಿಯಾಗಿದ್ದು, ಒಟ್ಟು ಮೊತ್ತ ಮಾತ್ರ ತಪ್ಪಾಗುವುದು ಎಂಜಿನಿಯರಿಂಗ್‌ನಲ್ಲಿ ಅಪರೂಪವೇನಲ್ಲ.

ಸಮುದ್ರವಿಲ್ಲದ ದೇಶಕ್ಕೆ ನೌಕಾಪಡೆಯ ವಿಮಾನ

1970ರ ದಶಕದ ಕೊನೆಯಿಂದ ಅಮೆರಿಕದ ಎಫ್-5 ಟೈಗರ್ ವಿಮಾನಗಳು ಬಂದವು, ಒಟ್ಟು 110. ಹಗಲು, ಶುಭ್ರ ಹವೆಯಲ್ಲಿ ಅವು ಚುರುಕು. ರಾತ್ರಿಗೂ ಮೋಡಕ್ಕೂ ಅವುಗಳ ರೇಡಾರ್ ಸಾಲದು. ಆದ್ದರಿಂದ 1990ರ ದಶಕದಲ್ಲಿ ಆಯ್ಕೆಯಾದದ್ದು ಎಫ್/ಎ-18 ಹಾರ್ನೆಟ್. ಇದು ಅಮೆರಿಕದ ವಿಮಾನವಾಹಕ ಹಡಗುಗಳಿಗಾಗಿ ರೂಪಿಸಿದ ವಿಮಾನ. ಸಮುದ್ರವೇ ಇಲ್ಲದ ದೇಶಕ್ಕೆ ಹಡಗಿನ ವಿಮಾನವೇ? ಸ್ವಲ್ಪ ಯೋಚಿಸಿದರೆ ಒಗಟು ಬಿಡುತ್ತದೆ. ಹಡಗಿನ ಮೇಲೂ ಕಣಿವೆಯಲ್ಲೂ ಇರುವ ಕೊರತೆ ಒಂದೇ: ಜಾಗ.

ಹಡಗಿನ ವಿಮಾನಕ್ಕೆ ಗಟ್ಟಿಯಾದ ಕಾಲುಗಳಿರುತ್ತವೆ, ಮಡಿಚಬಲ್ಲ ರೆಕ್ಕೆಗಳಿರುತ್ತವೆ, ಬಾಲದಲ್ಲಿ ಕೊಕ್ಕೆಯಿರುತ್ತದೆ. ರೆಕ್ಕೆ ಮಡಿಚಿದರೆ ಗುಹೆಯಲ್ಲಿ ಹೆಚ್ಚು ವಿಮಾನಗಳು ಹಿಡಿಸುತ್ತವೆ. ಕೊಕ್ಕೆಯು ರನ್‌ವೇಗೆ ಅಡ್ಡವಾಗಿ ಎಳೆದ ಉಕ್ಕಿನ ಹಗ್ಗವನ್ನು ಹಿಡಿದರೆ ವಿಮಾನ ಬೇಗ ನಿಲ್ಲುತ್ತದೆ. ಸೆಕೆಂಡಿಗೆ 70 ಮೀಟರ್ ವೇಗದಲ್ಲಿ ಇಳಿದ ವಿಮಾನವನ್ನು 300 ಮೀಟರಿನಲ್ಲಿ ನಿಲ್ಲಿಸಲು ಸೆಕೆಂಡ್ ವರ್ಗಕ್ಕೆ ಸುಮಾರು 8 ಮೀಟರ್ ವೇಗಕುಸಿತ ಬೇಕು. ಒದ್ದೆ ರನ್‌ವೇಯಲ್ಲಿ ಚಕ್ರದ ಬ್ರೇಕಿಗೆ ಇದು ಅಸಾಧ್ಯ. ಹಗ್ಗಕ್ಕೆ ಸಾಧ್ಯ.

ಸ್ವಿಸ್ ಹಾರ್ನೆಟ್‌ಗಳಲ್ಲಿ ಇನ್ನೊಂದು ವಿಶೇಷವಿದೆ. ಅವುಗಳ ಒಡಲಿನ ಮುಖ್ಯ ಚೌಕಟ್ಟುಗಳಲ್ಲಿ ಅಲ್ಯೂಮಿನಿಯಮ್ ಬದಲು ಟೈಟೇನಿಯಮ್ ಬಳಸಲಾಗಿದೆ. ಅಮೆರಿಕದ ಹಾರ್ನೆಟ್ ಗುರುತ್ವದ ಏಳೂವರೆ ಪಟ್ಟನ್ನು ತಾಳಿದರೆ ಇವು ಒಂಬತ್ತು ಪಟ್ಟನ್ನು ತಾಳುತ್ತವೆ. ಹಿಂದಿನ ಸೂತ್ರಕ್ಕೆ ಮರಳಿ. ಸೆಕೆಂಡಿಗೆ 250 ಮೀಟರ್ ವೇಗದಲ್ಲಿ, ಒಂಬತ್ತು ಪಟ್ಟು ಭಾರದ ತಿರುವಿನಲ್ಲಿ ತ್ರಿಜ್ಯ ಸುಮಾರು 710 ಮೀಟರ್. 7.4 ಕಿಮೀ ಅಗಲ ಬೇಡುತ್ತಿದ್ದ ತಿರುವು ಈಗ 1.4 ಕಿಮೀಯಲ್ಲಿ ಮುಗಿಯುತ್ತದೆ. ಆದರೆ 70 ಕಿಲೋಗ್ರಾಂ ತೂಕದ ಪೈಲಟ್‌ಗೆ ಆ ಕ್ಷಣದಲ್ಲಿ ತನ್ನ ತೂಕ 630 ಕಿಲೋಗ್ರಾಂ ಎನಿಸುತ್ತದೆ. ಲೋಹವನ್ನು ಬದಲಿಸಬಹುದು, ಮನುಷ್ಯನ ರಕ್ತನಾಳಗಳನ್ನು ಬದಲಿಸಲಾಗದು.

34 ಹಾರ್ನೆಟ್‌ಗಳನ್ನು ಕೊಳ್ಳಲಾಯಿತು. ನಾಲ್ಕು ಅಪಘಾತಗಳಲ್ಲಿ ನಾಲ್ಕು ನಷ್ಟವಾಗಿ 30 ಉಳಿದವು. ಪಯೆರ್ನ್, ಮೈರಿಂಗೆನ್, ಎಮೆನ್ ಇಂದಿನ ಮುಖ್ಯ ಸೇನಾ ವಿಮಾನ ನೆಲೆಗಳು. ಮೈರಿಂಗೆನ್‌ನಲ್ಲಿ ವಿಮಾನಗಳಿಗೆ ಬೆಟ್ಟದೊಳಗಿನ ಗುಹೆಯಿದೆ. ಶತ್ರು ರನ್‌ವೇಯನ್ನೇ ಕೆಡಿಸಿದರೆ ಏನು ಗತಿ ಎಂದು 2024ರ ಜೂನ್ 5ರಂದು ಪಯೆರ್ನ್ ಬಳಿ ಎ1 ಹೆದ್ದಾರಿಯ ಸಂಚಾರವನ್ನು ನಿಲ್ಲಿಸಿ ಹಾರ್ನೆಟ್‌ಗಳನ್ನು ರಸ್ತೆಯ ಮೇಲೆ ಇಳಿಸಿ, ಏರಿಸಿ ನೋಡಿದರು. ಅಂಥ ಅಭ್ಯಾಸ 1991ರ ನಂತರ ಅದೇ ಮೊದಲು.

ತರಬೇತಿಗೆ ಅವರು ಬಳಸುವುದು ತಮ್ಮದೇ ದೇಶದ ಪಿಲಾಟಸ್ ಕಂಪೆನಿಯ ವಿಮಾನಗಳನ್ನು. ನಮ್ಮ ವಾಯುಪಡೆಯೂ ಅದೇ ಕಂಪೆನಿಯ ಪಿಸಿ-7 ಮಾರ್ಕ್ 2 ಮಾದರಿಯ 75 ವಿಮಾನಗಳಿಗೆ 2012ರಲ್ಲಿ ಒಪ್ಪಂದ ಮಾಡಿಕೊಂಡಿತು. ಯುದ್ಧವಿಮಾನವನ್ನು ಸ್ವಂತವಾಗಿ ಮಾಡಲಾಗದ ಪುಟ್ಟ ದೇಶ ತರಬೇತಿ ವಿಮಾನದಲ್ಲಿ ಜಗತ್ತಿಗೇ ಮಾರಾಟಗಾರನಾಗಿದೆ.

ಮತಪೆಟ್ಟಿಗೆಯಲ್ಲಿ ಯುದ್ಧವಿಮಾನ

ಯುದ್ಧವಿಮಾನ ಕೊಳ್ಳಬೇಕೇ ಬೇಡವೇ ಎಂದು ಜನರು ನೇರವಾಗಿ ಮತ ಹಾಕಿ ಹೇಳುವ ದೇಶ ಬಹಳ ಅಪರೂಪ. ಸ್ವಿಟ್ಜರ್ಲೆಂಡ್ ಅಂಥದ್ದೊಂದು. 1993ರಲ್ಲಿ ಹೊಸ ಯುದ್ಧವಿಮಾನ ಬೇಡವೆಂಬ ಪ್ರಸ್ತಾಪವನ್ನು ಶೇಕಡ 57 ಮಂದಿ ತಿರಸ್ಕರಿಸಿದ್ದರಿಂದ ಹಾರ್ನೆಟ್ ಬಂದಿತು. 2014ರ ಮೇ 18ರಂದು 22 ಗ್ರಿಪೆನ್ ವಿಮಾನಗಳ ಖರೀದಿಯನ್ನು ಶೇಕಡ 53.4 ಮಂದಿ ತಳ್ಳಿಹಾಕಿದರು. ಇಥಿಯೋಪಿಯದ ವಿಮಾನ ಇಳಿದು ಆಗಿನ್ನೂ ಮೂರು ತಿಂಗಳು! 2020ರ ಸೆಪ್ಟೆಂಬರ್ 27ರಂದು ಹೊಸ ವಿಮಾನಗಳಿಗೆ 600 ಕೋಟಿ ಫ್ರಾಂಕ್‌ವರೆಗೆ ಖರ್ಚು ಮಾಡಲು ಒಪ್ಪಿಗೆ ದೊರೆಯಿತು. ಪರವಾಗಿ ಬಿದ್ದ ಮತ ಶೇಕಡ 50.1, ಅಂತರ ಒಂಬತ್ತು ಸಾವಿರ ಮತಕ್ಕೂ ಕಡಿಮೆ.

2021ರಲ್ಲಿ ಸರ್ಕಾರ ಅಮೆರಿಕದ 36 ಎಫ್-35ಎ ವಿಮಾನಗಳನ್ನು ಆರಿಸಿ, 2022ರಲ್ಲಿ ಒಪ್ಪಂದಕ್ಕೆ ಸಹಿ ಹಾಕಿತು. ಬೆಲೆ ನಿಗದಿಯಾಗಿದೆ ಎಂದು ಸ್ವಿಸ್ ಸರ್ಕಾರ ತಿಳಿದಿತ್ತು. 2025ರಲ್ಲಿ ಅಮೆರಿಕ ಅದನ್ನು ಒಪ್ಪಲಿಲ್ಲ. ಹೆಚ್ಚುವರಿ ಹೊರೆ 65 ಕೋಟಿಯಿಂದ 130 ಕೋಟಿ ಫ್ರಾಂಕ್ ಆಗಬಹುದೆಂಬ ಅಂದಾಜು ಬಂದಿತು. ಆ ವರ್ಷದ ಕೊನೆಗೆ ಸರ್ಕಾರ, ಜನ ಒಪ್ಪಿದ ಹಣದ ಮಿತಿಯೊಳಗೆ ಉಳಿಯಲು ವಿಮಾನಗಳ ಸಂಖ್ಯೆಯನ್ನೇ ತಗ್ಗಿಸಲು ಮುಂದಾಯಿತು. 1964ರ ಮಿರಾಜ್ ಪ್ರಕರಣ ನಿಮಗೆ ನೆನಪಾಗುತ್ತಿರಬಹುದು.

ರಾತ್ರಿ ಪಾಳಿ ಆರಂಭ

ಮೊದಲಿನ ಪ್ರಶ್ನೆಗೆ ಹಿಂದಿರುಗೋಣ. 2014ರ ಆ ನಸುಕಿನಲ್ಲಿ ಸ್ವಿಸ್ ವಾಯುಪಡೆಗೆ ವಿಮಾನಗಳ ಕೊರತೆ ಇರಲಿಲ್ಲ. ಕೊರತೆಯಿದ್ದುದು ರಾತ್ರಿ ಎಚ್ಚರವಾಗಿರುವ ಪೈಲಟ್‌ಗಳದ್ದು, ತಂತ್ರಜ್ಞರದ್ದು, ಅವರ ಸಂಬಳಕ್ಕೆ ಬೇಕಾದ ಹಣದ್ದು. ಇಪ್ಪತ್ನಾಲ್ಕು ಗಂಟೆಯ ಕಾವಲು ಬೇಕೆಂಬ ನಿರ್ಣಯ ಸಂಸತ್ತಿನಲ್ಲಿ ಅದಕ್ಕೆ ಮೊದಲೇ ಆಗಿತ್ತು. ಜಾರಿಗೆ ಬಂದದ್ದು ಹಂತಹಂತವಾಗಿ. ಕೊನೆಗೆ 2020ರ ಡಿಸೆಂಬರ್ 31ರಿಂದ ಎರಡು ಸಶಸ್ತ್ರ ವಿಮಾನಗಳು ವರ್ಷದ ಎಲ್ಲ ದಿನ, ಹಗಲೂ ರಾತ್ರಿ, 15 ನಿಮಿಷಗಳಲ್ಲಿ ಮೇಲೇರಲು ಸಿದ್ಧವಾಗಿರುತ್ತವೆ.

ಹದಿನೈದು ನಿಮಿಷ ಸಾಕೇ? ಲೆಕ್ಕ ಹಾಕಿ. ಪಯೆರ್ನ್‌ನಿಂದ ಜಿನೀವಾಕ್ಕೆ ನೇರ ದೂರ ಸುಮಾರು 90 ಕಿಮೀ. ನಿಮಿಷಕ್ಕೆ 18 ಕಿಮೀ ವೇಗದಲ್ಲಿ 5 ನಿಮಿಷ. ಒಟ್ಟು 20 ನಿಮಿಷ. ಅಷ್ಟರಲ್ಲಿ ಅಪರಿಚಿತ ಜೆಟ್ 300 ಕಿಮೀ ಬಂದಿರುತ್ತದೆ. ಹಾಗಾದರೆ ಅದು ಗಡಿಯಿಂದ ಬಹಳ ಆಚೆ ಇದ್ದಾಗಲೇ ಕಾಣಬೇಕು. ಇಲ್ಲಿ ಪರ್ವತ ಉಪಕಾರಿ. ರೇಡಾರಿನ ಕ್ಷಿತಿಜದ ದೂರವನ್ನು ಕಿಮೀಗಳಲ್ಲಿ ಪಡೆಯಲು ಎತ್ತರದ (ಮೀಟರುಗಳಲ್ಲಿ) ವರ್ಗಮೂಲವನ್ನು 4.12ರಿಂದ ಗುಣಿಸಬೇಕು. 3,000 ಮೀಟರ್ ಶಿಖರದ ಮೇಲಿನ ರೇಡಾರಿಗೆ ಕ್ಷಿತಿಜ ಸುಮಾರು 225 ಕಿಮೀ ದೂರದಲ್ಲಿದೆ. 10,000 ಮೀಟರ್ ಎತ್ತರದಲ್ಲಿ ಹಾರುವ ವಿಮಾನಕ್ಕೆ ಇನ್ನೂ 412 ಕಿಮೀ ಸೇರಿಸಬಹುದು. ಭೂಮಿಯ ದುಂಡುತನ ಆಗ ಅಡ್ಡಿಯಾಗುವುದಿಲ್ಲ. ಮಿತಿ ಬರುವುದು ರೇಡಾರಿನ ಶಕ್ತಿಯಿಂದ. ಆದರೆ ಅದೇ ಪರ್ವತದ ನೆರಳಿನಲ್ಲಿ, ಕಣಿವೆಯ ತಳದಲ್ಲಿ ಹಾರುವ ವಿಮಾನ ಅಡಗಿಕೊಳ್ಳಬಲ್ಲದು.

ಉಳಿದ ನಿಮಿಷಗಳನ್ನು ನೆರೆಯವರಿಂದ ಸಾಲ ಪಡೆಯಬೇಕು. ನೆರೆಯ ದೇಶಗಳೊಂದಿಗಿನ ಒಪ್ಪಂದದಿಂದಲೇ ಅಂದು ಫ್ರಾನ್ಸಿನ ವಿಮಾನಗಳು ಜಿನೀವಾದವರೆಗೆ ಬರಲು ಸಾಧ್ಯವಾಯಿತು. ಬೆಂಗಾವಲಾಗಿ ಬರುವ ಅಧಿಕಾರ ಅವುಗಳಿಗಿತ್ತು. ಸ್ವಿಸ್ ಆಕಾಶದಲ್ಲಿ ಗುಂಡು ಹಾರಿಸುವ ಅಧಿಕಾರ ಇರಲಿಲ್ಲ. ಆ ನಿರ್ಧಾರವನ್ನು ಮಾತ್ರ ಯಾವ ದೇಶವೂ ಇನ್ನೊಬ್ಬರ ಕೈಗೆ ಕೊಡುವುದಿಲ್ಲ. 202 ಮಂದಿ ಕುಳಿತಿರುವ ವಿಮಾನದ ಬಗ್ಗೆ ಅಂಥ ನಿರ್ಧಾರ ಎಷ್ಟು ಭಾರವಾದುದು, ಯೋಚಿಸಿ. ಕಾವಲು ವಿಮಾನ ಹತ್ತಿರ ಹೋಗಿ ನೋಡಿ, ಪೈಲಟ್‌ಗೆ ಸನ್ನೆ ಮಾಡಿ, ಏನಾಗಿದೆ ಎಂದು ತಿಳಿದುಕೊಂಡರೆ ಅಂಥ ನಿರ್ಧಾರದ ಅಗತ್ಯವೇ ಬಹುತೇಕ ಬೀಳುವುದಿಲ್ಲ. ಬೇಗ ತಲುಪುವುದರ ನಿಜವಾದ ಪ್ರಯೋಜನ ಅದು.

ಶಿಕ್ಷಕ ಮಿತ್ರರಿಗೆ ಒಂದು ಸಲಹೆ. ತರಗತಿಯಲ್ಲಿ ಕರ್ನಾಟಕದ ನಕ್ಷೆಯನ್ನು ಹರಡಿ. ರಾಜ್ಯದ ಉತ್ತರ ತುದಿಯಿಂದ ದಕ್ಷಿಣ ತುದಿಯವರೆಗೆ ಸುಮಾರು 750 ಕಿಮೀ; ನಿಮಿಷಕ್ಕೆ 15 ಕಿಮೀಯಂತೆ 50 ನಿಮಿಷ. ಈಗ ಅದೇ ಅಳತೆಯಲ್ಲಿ ಸ್ವಿಟ್ಜರ್ಲೆಂಡಿನ ನಕ್ಷೆಯನ್ನು ಪಕ್ಕದಲ್ಲಿ ಬರೆಸಿ, ಪಯೆರ್ನ್ ಅನ್ನು ಕೇಂದ್ರವಾಗಿಟ್ಟುಕೊಂಡು 5 ನಿಮಿಷ ಮತ್ತು 10 ನಿಮಿಷಗಳ ವೃತ್ತಗಳನ್ನು ಎಳೆಸಿ. ಯಾವ ನಗರಗಳು ಒಳಗೆ ಬಿದ್ದವು, ಯಾವುವು ಹೊರಗೆ ಉಳಿದವು? ಮೈರಿಂಗೆನ್‌ನಲ್ಲಿ ಇನ್ನೊಂದು ಜೋಡಿ ವಿಮಾನ ಇಟ್ಟರೆ ಎಷ್ಟು ವ್ಯತ್ಯಾಸವಾಗುತ್ತದೆ? ಆ ಜೋಡಿಗೆ ರಾತ್ರಿ ಪಾಳಿಯ ಖರ್ಚೂ ಸೇರಿದರೆ ನೀವು ಯಾವ ಕಡೆಗೆ ಮತ ಹಾಕುತ್ತೀರಿ? ಮಕ್ಕಳು ವಾದ ಮಾಡಲಿ. ಸ್ವಿಸ್ ಮತದಾರರು ಈ ವಾದವನ್ನು ಇನ್ನೂ ಮುಗಿಸಿಲ್ಲ.